ಅಪ್ಪನ ಮಳೆ ಪುಸ್ತಕ ಮತ್ತು ದೆಹಲಿಯ ಲೆಕ್ಕ

(ಹಾಸನದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಈ ಮೇಜಿನ ಮೇಲೆ ಇಟ್ಟಿರುವ ನಾಲ್ಕು ಪುಸ್ತಕ ನಮ್ಮ ಅಪ್ಪನವು. ರಟ್ಟು ಕಿತ್ತುಹೋಗಿದೆ, ಒಂದಕ್ಕೆ ಗೆದ್ದಲು ಹಿಡಿದಿತ್ತು. ಅಪ್ಪ ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ವಾರದ ಬಟವಾಡೆ ಎಲ್ಲ ಅವರದೇ. ಇದರ ಜೊತೆಗೆ ಇನ್ನೊಂದು ಕೆಲಸವಿತ್ತು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಂಗಲೆ ಮುಂದಿನ ಬಯಲಿಗೆ ಹೋಗಿ, ಮಳೆಮಾಪಕದ ಆಲಿಕೆ ಎತ್ತಿ, ಒಳಗಿನ ಸೀಸೆಯ ನೀರನ್ನು ಗಾಜಿನ ಜಾಡಿಗೆ ಬಗ್ಗಿಸಿ, ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದುವುದು. ಇಂಚು, ಸೆಂಟ್ಸು. ಒಂದು ಇಂಚಿಗೆ ನೂರು ಸೆಂಟು. ಸಕಲೇಶಪುರದ ಕಡೆಯಿಂದ ಬಂದವರಿಗೆ ಇದನ್ನು ನಾನು ಹೇಳಬೇಕಿಲ್ಲ. ಮಲೆನಾಡಿನಲ್ಲಿ ಇಬ್ಬರು ಎದುರಾದರೆ ‘ಊಟ ಆಯ್ತಾ’ ಅನ್ನುವ ಮೊದಲು ‘ನಿಮ್ಮಲ್ಲಿ ಎಷ್ಟು ಸೆಂಟು’ ಅಂತಲೇ ಕೇಳುವುದು.

ಮಳೆ ಇಲ್ಲದ ದಿನ ಅಪ್ಪ ಜಾಗ ಖಾಲಿ ಬಿಡುತ್ತಿರಲಿಲ್ಲ. ಸೊನ್ನೆ ಬರೆಯುತ್ತಿದ್ದರು. ಚಿಕ್ಕವನಾಗಿದ್ದಾಗ ನಾನು ಕೇಳಿದ್ದೆ, ಮಳೆನೇ ಬಂದಿಲ್ಲವಲ್ಲ, ಯಾಕೆ ಬರೀಬೇಕು ಅಂತ. ‘ಖಾಲಿ ಬಿಟ್ರೆ ನಾನು ನೋಡ್ಲಿಲ್ಲ ಅಂತ ಅರ್ಥ ಕಣೋ. ಸೊನ್ನೆ ಬರದ್ರೆ ನೋಡಿದೀನಿ, ಬಂದಿಲ್ಲ ಅಂತ ಅರ್ಥ’ ಅಂದರು. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದ್ದೇನೆ. ವಿಜ್ಞಾನ ಎಂದರೇನು ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ನನಗೆ ಇವತ್ತಿಗೂ ಬಂದಿಲ್ಲ.

ಹವಾಮಾನ ಬದಲಾವಣೆಯ ವಿಜ್ಞಾನಕ್ಕೂ ನಮ್ಮ ದೇಶದ ರಾಜಕಾರಣಕ್ಕೂ ಏನು ಸಂಬಂಧ ಎಂಬುದು ಇವತ್ತಿನ ವಿಷಯ. ಆ ಸಂಬಂಧ ಇರುವುದು ದೊಡ್ಡ ದೊಡ್ಡ ಸಮ್ಮೇಳನಗಳ ಭಾಷಣದಲ್ಲಲ್ಲ, ಇಂಥ ಪುಸ್ತಕಗಳಲ್ಲಿ ಎಂದು ನಾನು ನಂಬಿದ್ದೇನೆ. ಯಾರು ಅಳೆಯುತ್ತಾರೆ, ಎಲ್ಲಿ ಅಳೆಯುತ್ತಾರೆ, ಅಳೆದದ್ದನ್ನು ಯಾರ ಮುಂದೆ ಇಡುತ್ತಾರೆ, ಅದನ್ನು ನೋಡಿ ಯಾರು ತೀರ್ಮಾನ ಮಾಡುತ್ತಾರೆ. ಇದರಲ್ಲಿ ನಾವು ಎಲ್ಲಿದ್ದೇವೆ ಅನ್ನುವುದೇ ನನ್ನ ಮಾತು.

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮಲ್ಲಿ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. 1864ರಲ್ಲಿ ಕಲ್ಕತ್ತಕ್ಕೆ ಬಡಿದ ಚಂಡಮಾರುತ, ಅದರ ಹಿಂದೆಯೇ ಬಂದ ಬರಗಾಲಗಳು ಬ್ರಿಟಿಷ್ ಸರ್ಕಾರವನ್ನು ಅಲ್ಲಿಗೆ ತಂದು ನಿಲ್ಲಿಸಿದವು. ಇಲಾಖೆ ಶುರುವಾದ ಮರುವರ್ಷವೇ ಮಹಾ ಕ್ಷಾಮ. 1876ರಿಂದ 78ರ ಆ ಧಾತು ಈಶ್ವರ ಕ್ಷಾಮದಲ್ಲಿ ನಮ್ಮ ಮೈಸೂರು ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ, ಸುಮಾರು ಹತ್ತು ಲಕ್ಷ ಜನ ಸತ್ತರು. ಮುಂಗಾರು ಕೈಕೊಡುವುದನ್ನು ಮೊದಲೇ ಹೇಳಲು ಆಗುತ್ತದಾ ಅನ್ನುವುದು ಆಗ ಆಡಳಿತದ ಪ್ರಶ್ನೆಯಾಯಿತು, ಆಮೇಲೆ ವಿಜ್ಞಾನದ ಪ್ರಶ್ನೆಯಾಯಿತು. 1904ರಲ್ಲಿ ಗಿಲ್ಬರ್ಟ್ ವಾಕರ್ ಎಂಬ ಕೇಂಬ್ರಿಡ್ಜ್‌ನ ಗಣಿತಜ್ಞ ಇಲಾಖೆಯ ಮುಖ್ಯಸ್ಥರಾಗಿ ಬಂದರು. ಕಂಪ್ಯೂಟರ್ ಇಲ್ಲದ ಕಾಲ. ಜಗತ್ತಿನ ಮೂಲೆಮೂಲೆಯ ಗಾಳಿಯ ಒತ್ತಡ, ಮಳೆಯ ಲೆಕ್ಕ ತರಿಸಿಕೊಂಡು, ಭಾರತೀಯ ಗುಮಾಸ್ತರನ್ನು ಸಾಲಾಗಿ ಕೂರಿಸಿ ಕೈಯಲ್ಲೇ ಲೆಕ್ಕ ಹಾಕಿಸಿದರು. ಪೆಸಿಫಿಕ್ ಸಾಗರದ ಆ ಕಡೆ ಒತ್ತಡ ಏರಿದರೆ ಈ ಕಡೆ ಇಳಿಯುತ್ತದೆ, ಅದಕ್ಕೂ ನಮ್ಮ ಮುಂಗಾರಿಗೂ ನಂಟಿದೆ ಎಂಬುದು ಹಾಗೆ ಹೊರಬಂತು. ಇವತ್ತು ಟೀವಿಯಲ್ಲಿ ಎಲ್ ನಿನೊ ಎಂದು ಕೇಳುತ್ತೀರಲ್ಲ, ಅದರ ಅರ್ಧ ಕಥೆ ಆ ಗುಮಾಸ್ತರ ಮಸಿಯಲ್ಲಿ ಬರೆದದ್ದು. ಅವರಲ್ಲಿ ಬಹುಪಾಲು ಜನರ ಹೆಸರು ಯಾರಿಗೂ ನೆನಪಿಲ್ಲ. ರೈಟರ್ ಮಗನಾದ ನನಗೆ ಈ ಕಥೆ ಹೇಳುವಾಗಲೆಲ್ಲ ಗಂಟಲು ಕಟ್ಟುತ್ತದೆ.

ಇನ್ನು ನಿಮ್ಮ ಊರನ್ನೇ ನೋಡಿ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇದೆ. ದಿನವೂ ಅದರ ಮುಂದೆ ಬಸ್ಸಿನಲ್ಲಿ ಹೋಗುವವರು ಇಲ್ಲಿ ಇದ್ದೀರಿ. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ನಿಂತು ಅರಬ್ಬೀ ಸಮುದ್ರದ ಮೋಡದ ಚಿತ್ರ ಕಳಿಸುವ ಇನ್ಸಾಟ್ ಉಪಗ್ರಹಗಳನ್ನು ಜಾಗ ತಪ್ಪದಂತೆ ಹಿಡಿದು ನಿಲ್ಲಿಸುವುದು ಹಾಸನದಿಂದ. ಹವಾಮಾನ ವಿಜ್ಞಾನ ಎಲ್ಲೋ ಅಮೆರಿಕದಿಂದ ಬಂದ ಸುದ್ದಿ ಅಂದುಕೊಂಡವರಿಗೆ ನಾನು ಮೊದಲು ತೋರಿಸುವುದು ಆ ಆ್ಯಂಟೆನಾಗಳನ್ನು.

ಈಗ ವಿಜ್ಞಾನದ ತಿರುಳಿಗೆ ಬರುತ್ತೇನೆ. ಇದು ಹೊಸ ವಾದ ಅಲ್ಲ. 1859ರಲ್ಲಿ ಜಾನ್ ಟಿಂಡಲ್ ಎಂಬ ವಿಜ್ಞಾನಿ ಲಂಡನ್ನಿನ ಪ್ರಯೋಗಾಲಯದಲ್ಲಿ ಒಂದು ಕೊಳವೆಗೆ ಬೇರೆ ಬೇರೆ ಅನಿಲ ತುಂಬಿಸಿ, ಯಾವುದು ಶಾಖವನ್ನು ತಡೆಯುತ್ತದೆ ಅಂತ ಅಳೆದರು. ಸಾರಜನಕ, ಆಮ್ಲಜನಕ ಬಿಟ್ಟುಬಿಡುತ್ತವೆ. ನೀರಾವಿ, ಇಂಗಾಲದ ಡೈಆಕ್ಸೈಡ್ ತಡೆಯುತ್ತವೆ. ಅದಕ್ಕೂ ಮೂರು ವರ್ಷ ಮೊದಲು ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಸಿಲಿಂಡರುಗಳನ್ನು ಬಿಸಿಲಿಗಿಟ್ಟು, ಈ ಅನಿಲ ತುಂಬಿದ್ದು ಉಳಿದವಕ್ಕಿಂತ ಹೆಚ್ಚು ಕಾಯುತ್ತದೆ ಎಂದು ತೋರಿಸಿದ್ದರು. 1896ರಲ್ಲಿ ಸ್ವೀಡನ್ನಿನ ಅರ್‍ಹೇನಿಯಸ್ ಈ ಅನಿಲ ಇಮ್ಮಡಿಯಾದರೆ ಭೂಮಿ ಎಷ್ಟು ಕಾಯಬಹುದು ಅಂತ ಲೆಕ್ಕ ಹಾಕಿದರು. ಆಗಿನ್ನೂ ನಮ್ಮ ತಾತಂದಿರು ಎತ್ತಿನ ಗಾಡಿಯಲ್ಲಿ ಕಾಫಿ ಸಾಗಿಸುತ್ತಿದ್ದರು. ಕೈಗಾರಿಕೆಗಳ ಕಾಲಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ 280 ಭಾಗ ಇತ್ತು. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳೆಯಲು ಶುರುಮಾಡಿದಾಗ 315ರ ಹತ್ತಿರ. ಈಗ 420 ದಾಟಿದೆ. ಕೀಲಿಂಗ್ ಮಾಡಿದ್ದೂ ಅಪ್ಪ ಮಾಡಿದ ಕೆಲಸವೇ. ಒಂದೇ ಜಾಗ, ಒಂದೇ ಕ್ರಮ, ಬಿಡದೆ ಬರೆದಿಡುವುದು. ನಡುವೆ ಹಣ ಕೊಡುವವರು ಕೈ ಹಿಂದೆಗೆದಾಗ ಜಗಳ ಮಾಡಿ ಮುಂದುವರಿಸಿದರು.

ಕಾಲೇಜಿನಲ್ಲಿ ಹುಡುಗರು ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದರು. ಸೂರ್ಯನೇ ಹೆಚ್ಚು ಸುಡುತ್ತಿರಬಹುದಲ್ಲ ಸಾರ್, ನಾವೇ ಅಂತ ಹೇಗೆ ಹೇಳ್ತೀರಿ? ಒಳ್ಳೆಯ ಪ್ರಶ್ನೆ. ಅದಕ್ಕೆ ನಮ್ಮ ಕಂಬಳಿಯೇ ಉತ್ತರ. ಆಷಾಢದ ಚಳಿಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋದವರಿಗೆ ಗೊತ್ತು, ಒಳಗೆ ಮೈ ಬೆಚ್ಚಗಿರುತ್ತದೆ, ಕಂಬಳಿಯ ಹೊರಮೈ ತಣ್ಣಗಿರುತ್ತದೆ. ಮೈಯ ಶಾಖ ಹೊರಗೆ ಬರದೆ ಒಳಗೇ ಉಳಿಯಿತಲ್ಲ. ಅದೇ ಬೆಂಕಿ ಮುಂದೆ ಕೂತಿದ್ದರೆ ಕಂಬಳಿಯ ಹೊರಮೈ ಮೊದಲು ಕಾಯಬೇಕಿತ್ತು. ವಾತಾವರಣವನ್ನು ಅಳೆದಾಗ ಸಿಕ್ಕಿದ್ದು ಏನು? ಕೆಳಗಿನ ಪದರ ಬಿಸಿಯಾಗುತ್ತಿದೆ, ತೀರ ಮೇಲಿನ ಪದರ ತಣ್ಣಗಾಗುತ್ತಿದೆ. ಸೂರ್ಯ ಕಾರಣವಾಗಿದ್ದರೆ ಎರಡೂ ಕಾಯಬೇಕಿತ್ತು. ಹಾಗಾಗಿ ಬೆಂಕಿ ಹೆಚ್ಚಾದದ್ದಲ್ಲ, ಕಂಬಳಿ ದಪ್ಪವಾದದ್ದು. ಆ ಕಂಬಳಿಯ ಎಳೆ ಕಲ್ಲಿದ್ದಲು, ಪೆಟ್ರೋಲಿನಿಂದ ಬಂದದ್ದು ಎಂಬುದಕ್ಕೆ ಇಂಗಾಲದ ಐಸೋಟೋಪುಗಳ ಸಾಕ್ಷಿ ಬೇರೆಯೇ ಇದೆ, ಅದರ ವಿವರ ಈಗ ಬೇಡ.

ನಮ್ಮ ಘಟ್ಟಕ್ಕೆ ಇದರಿಂದ ಏನಾಗುತ್ತದೆ? ಗಾಳಿ ಒಂದು ಡಿಗ್ರಿ ಕಾದರೆ ಶೇಕಡ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಆ ಆವಿ ಸಿಗುವುದು ಸಮುದ್ರದಿಂದ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಒಂದು ವರದಿ ಕೊಟ್ಟಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮುಂದೆ ನಿಂತು ಮಾಡಿದ್ದು, ನಮ್ಮದೇ ಸರ್ಕಾರದ್ದು. ಅದರ ಪ್ರಕಾರ 1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು ಒಂದು ಡಿಗ್ರಿ ಕಾದಿದೆ. ಅದೇ ಅವಧಿಯಲ್ಲಿ ದೇಶದ ಮುಂಗಾರು ಮಳೆ ಒಟ್ಟಾರೆ ಶೇಕಡ 6ರಷ್ಟು ಕಡಿಮೆಯಾಗಿದೆ. ಎದ್ದುಕಾಣುವಷ್ಟು ಇಳಿದ ಜಾಗಗಳು ಎಂದು ವರದಿ ಹೆಸರಿಸುವುದು ಎರಡನ್ನು, ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟ. ಮಧ್ಯ ಭಾರತದಲ್ಲಿ ಒಂದೇ ದಿನಕ್ಕೆ 150 ಮಿಲಿಮೀಟರ್, ಅಂದರೆ ಆರು ಇಂಚು ದಾಟುವ ಮಳೆಯ ದಿನಗಳು ಶೇಕಡ 75ರಷ್ಟು ಹೆಚ್ಚಾಗಿವೆ. ಒಟ್ಟು ಮಳೆ ಇಳಿಯುತ್ತಿದೆ, ಬಂದಾಗ ರಾಕ್ಷಸನ ಹಾಗೆ ಬರುತ್ತಿದೆ.

ನಮ್ಮಣ್ಣ ಈಗಲೂ ತೋಟದಲ್ಲೇ ಇದ್ದಾನೆ. ನಾಲ್ಕು ಎಕರೆ, ಅರೇಬಿಕಾ ತೆಗೆದು ರೋಬಸ್ಟಾ ಹಾಕಿದ್ದಾನೆ, ಮಧ್ಯೆ ಮೆಣಸು, ತಗ್ಗಿನಲ್ಲಿ ಅಡಿಕೆ. ಅಪ್ಪನ ಮಾಪಕವನ್ನು ತೋಟದವರು ಅವನಿಗೇ ಕೊಟ್ಟರು, ಪುಸ್ತಕವನ್ನು ಅವನು ಮುಂದುವರಿಸಿದ್ದಾನೆ. ನಾಲ್ಕನೇ ಪುಸ್ತಕ ಅವನ ಕೈಬರಹ. ಕಾಫಿಯವರಿಗೆ ಫೆಬ್ರುವರಿ, ಮಾರ್ಚಿನ ಹೂಮಳೆ ಎಂದರೆ ಜೀವ. ಒಂದು ಇಂಚು ಚೆನ್ನಾಗಿ ಬಿದ್ದರೆ ಎಂಟೊಂಬತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗೆ ಅರಳುತ್ತದೆ, ರಸ್ತೆಯಲ್ಲಿ ಹೋದರೂ ಮಲ್ಲಿಗೆಯ ಹಾಗೆ ಘಮ್ಮೆನ್ನುತ್ತದೆ. ಆಮೇಲೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಮಳೆ ಬೇಕು, ಕಾಯಿ ಕಟ್ಟಲು. ಬರಿ ಹತ್ತು ಹದಿನೈದು ಸೆಂಟು ಬಿದ್ದು ನಿಂತರೆ ಮೊಗ್ಗು ಕೆಟ್ಟುಹೋಗುತ್ತದೆ. ಹೂ ಅರಳಿದ ದಿನವೇ ಸುರಿದರೆ ಪರಾಗ ತೊಳೆದುಹೋಗುತ್ತದೆ. ಜನವರಿಯಲ್ಲಿ ಕಣದಲ್ಲಿ ಹಣ್ಣು ಒಣಗುತ್ತಿರುವಾಗ ಬಂದರೆ ಈ ಕಡೆ ಕಾಫಿ ಬೂಷ್ಟು, ಆ ಕಡೆ ಕೊಯ್ಲಾಗದ ಗಿಡದಲ್ಲೇ ಹೊಸ ಹೂ. ಹವಾಮಾನ ಎಂದರೆ ಸರಾಸರಿಯ ಮಾತು ಮಾತ್ರವಲ್ಲ, ತಾರೀಖಿನ ಮಾತೂ ಹೌದು. ಭರಣಿ ಮಳೆ ಬಂದರೆ ಧರಣಿ ಎಲ್ಲಾ ಬೆಳೆ ಅಂದ ಹಿರಿಯರು ಎಷ್ಟು ಬಂತು ಅನ್ನುವುದಕ್ಕಿಂತ ಯಾವಾಗ ಬಂತು ಅನ್ನುವುದನ್ನೇ ನೋಡಿದ್ದರು.

ಒಂದು ಮಾತು ಸ್ಪಷ್ಟ ಮಾಡಬೇಕು. ಒಂದು ತೋಟದ ಪುಸ್ತಕ ಹವಾಮಾನ ಬದಲಾವಣೆಗೆ ಸಾಕ್ಷಿಯಾಗುವುದಿಲ್ಲ. ಒಂದು ವರ್ಷದ ಬರ, ಒಂದು ದಿನದ ಮಳೆ ತೋರಿಸಿ ‘ನೋಡಿ’ ಅನ್ನುವವರನ್ನು ನಾನು ಒಪ್ಪುವುದಿಲ್ಲ, ಅವರು ನನ್ನ ವಾದದ ಕಡೆಯವರೇ ಆಗಿದ್ದರೂ. ಸಾವಿರ ಪುಸ್ತಕ, ನೂರು ವರ್ಷ ಸೇರಿದಾಗ ಅದು ಸಾಕ್ಷಿ.

ಆದರೂ 2019ರ ಆಗಸ್ಟ್ ತಿಂಗಳ ಪುಟ ತೆಗೆದರೆ ನನ್ನ ಕೈ ಅಲ್ಲೇ ನಿಲ್ಲುತ್ತದೆ. ಆಶ್ಲೇಷ ಮಳೆ. ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಗುಡ್ಡಗಳು ಗದ್ದೆ, ತೋಟ, ಮನೆ ಎಲ್ಲವನ್ನೂ ಎಳೆದುಕೊಂಡು ಇಳಿದ ವಾರ. ಚಾರ್ಮಾಡಿ ಘಾಟಿ ಮುಚ್ಚಿತ್ತು. ಅಣ್ಣ ಬೆಳಿಗ್ಗೆ ಎಂಟಕ್ಕೆ ಹೋಗಿ ನೋಡಿದರೆ ಮಾಪಕದ ಸೀಸೆ ತುಂಬಿ, ಹೊರಗಿನ ಡಬ್ಬಿಯೂ ತುಂಬಿ, ನೀರು ನೆಲಕ್ಕೆ ಚೆಲ್ಲುತ್ತಿತ್ತು. ಆ ತಾರೀಖಿನ ಎದುರು ಅಂಕಿ ಇಲ್ಲ. ‘ತುಂಬಿ ಚೆಲ್ಲಿದೆ’ ಎಂದು ಎರಡು ಪದ ಬರೆದಿದ್ದಾನೆ. ಸೊನ್ನೆಯನ್ನೂ ಬಿಡದೆ ಬರೆದ ಪುಸ್ತಕದಲ್ಲಿ ಅಂಕಿ ಇಲ್ಲದ ದಿನ ಅದೊಂದೇ.

ಗುಡ್ಡ ಕುಸಿದದ್ದಕ್ಕೆ ಹವಾಮಾನ ಬದಲಾವಣೆಯೇ ಕಾರಣ ಅಂದುಬಿಡುವುದು ಸುಲಭ. ಈಗೀಗ ವೇದಿಕೆ ಹತ್ತಿದವರೆಲ್ಲ ಹಾಗೆ ಹೇಳುತ್ತಾರೆ. ಈ ಮಾತು ಬಳಕೆಗೆ ಬರಲಿ ಅಂತ ಇಪ್ಪತ್ತು ವರ್ಷ ಕಾದವನು ನಾನು, ಈಗ ಕೇಳಿದರೆ ಭಯವಾಗುತ್ತದೆ. ರಸ್ತೆ ಅಗಲ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿದವರು ಯಾರು? ಇಳಿಜಾರಿನ ನೆತ್ತಿಯ ಮೇಲೆ ಜೆಸಿಬಿ ಹತ್ತಿಸಿ ರೆಸಾರ್ಟಿಗೆ ಮಟ್ಟ ಮಾಡಲು ಬಿಟ್ಟವರು ಯಾರು? ಸಕಲೇಶಪುರದ ದೋಣಿಗಾಲ್ ಹತ್ತಿರ ಹೆದ್ದಾರಿ ಎಷ್ಟು ಸಲ ಕುಸಿಯಿತು, ನಿಮಗೇ ಗೊತ್ತು. 2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ವಿಜ್ಞಾನಿಗಳ ಒಂದು ತಂಡ ಲೆಕ್ಕ ಹಾಕಿ, ಬಿಸಿಯಾದ ಭೂಮಿಯಿಂದ ಆ ಮಳೆ ಶೇಕಡ 10ರಷ್ಟು ಜೋರಾಗಿತ್ತು ಎಂದಿತು. ಜೊತೆಗೇ, ಇದು ಸಣ್ಣ ಬೆಟ್ಟದ ಪ್ರದೇಶ, ನಮ್ಮ ಲೆಕ್ಕದಲ್ಲಿ ಅನಿಶ್ಚಯ ಹೆಚ್ಚು ಅಂತಲೂ ಅವರೇ ಬರೆದರು. ವಿಜ್ಞಾನಿ ಹೀಗೆ ತನ್ನ ಮಾತಿಗೆ ತಾನೇ ಗಡಿ ಹಾಕಿಕೊಳ್ಳುತ್ತಾನೆ. ಆ ಗಡಿಯನ್ನು ಅಳಿಸಿ, ಎಲ್ಲವನ್ನೂ ಆಕಾಶದ ಮೇಲೆ ಹೊರಿಸಿ ಕೈತೊಳೆದುಕೊಂಡರೆ ಅದು ವಿಜ್ಞಾನವನ್ನು ಒಪ್ಪಿದ ಹಾಗಲ್ಲ.

ರಾಜಕಾರಣದ ಕಡೆಗೆ ತಿರುಗೋಣ. 1988ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಐಪಿಸಿಸಿ ಹುಟ್ಟಿತು. ಅದನ್ನು ವಿಜ್ಞಾನಿಗಳ ಸಂಘ ಅಂದುಕೊಂಡಿದ್ದೇವೆ. ಅದು ಹವಾಮಾನ ಬದಲಾವಣೆಯ ಬಗ್ಗೆ ಸರ್ಕಾರಗಳ ನಡುವಿನ ಸಮಿತಿ. ವಿಜ್ಞಾನಿಗಳು ವರದಿ ಬರೆಯುತ್ತಾರೆ. ಆದರೆ ಅದರ ಸಾರಾಂಶವನ್ನು ಎಲ್ಲ ದೇಶಗಳ ಪ್ರತಿನಿಧಿಗಳು ಕೂತು ಒಂದೊಂದು ಸಾಲನ್ನೂ ಓದಿ ಒಪ್ಪಬೇಕು. ಸೌದಿ ಅರೇಬಿಯ, ಅಮೆರಿಕ, ಭಾರತ ಎಲ್ಲರೂ. ಮನುಷ್ಯನಿಂದಲೇ ಭೂಮಿ ಬಿಸಿಯಾಗಿದೆ, ಇದರಲ್ಲಿ ಸಂಶಯವಿಲ್ಲ ಎಂದು 2021ರಲ್ಲಿ ಬಂದ ವಾಕ್ಯವನ್ನೂ ಸರ್ಕಾರಗಳೇ ಒಪ್ಪಿವೆ. ಹಾಗಾಗಿ ನಮ್ಮ ಯಾವ ಮಂತ್ರಿಯೂ ‘ಇದು ವಿದೇಶಿಯರ ವರದಿ’ ಎನ್ನುವ ಹಾಗಿಲ್ಲ.

ಹಾಗಂತ ಆ ಸಮಿತಿ ತಪ್ಪೇ ಮಾಡಿಲ್ಲವೆಂದಲ್ಲ. 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರೊಳಗೆ ಮಾಯವಾಗಬಹುದು ಎಂಬ ಸಾಲು ಸೇರಿಕೊಂಡಿತ್ತು. ಅದಕ್ಕೆ ವೈಜ್ಞಾನಿಕ ಆಧಾರ ಇರಲಿಲ್ಲ. 2009ರ ಕೊನೆಗೆ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್, ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿದ್ದ ವಿ.ಕೆ. ರೈನಾ ಅವರಿಂದ ಬರೆಸಿದ, ಹಿಮನದಿಗಳು ಅಷ್ಟು ಬೇಗ ಕರಗುತ್ತಿಲ್ಲ ಎನ್ನುವ ಒಂದು ಪ್ರಬಂಧ ಬಿಡುಗಡೆ ಮಾಡಿದರು. ಐಪಿಸಿಸಿ ಅಧ್ಯಕ್ಷರಾಗಿದ್ದ ರಾಜೇಂದ್ರ ಪಚೌರಿ ಅದನ್ನು ಹೀಗಳೆದರು. 2010ರ ಜನವರಿಯಲ್ಲಿ ಐಪಿಸಿಸಿಯೇ ತಪ್ಪೊಪ್ಪಿಕೊಂಡಿತು. ಆಗ ಎಷ್ಟೋ ಜನ ಇಡೀ ವಿಜ್ಞಾನವೇ ಬೋಗಸ್ ಅಂದರು. ನನಗೆ ಅದರಲ್ಲಿ ಕಂಡದ್ದು ಬೇರೆ. ಹಿಮಾಲಯದ ನದಿಗಳ ಮೂಲವನ್ನು ಅಳೆಯುವ ಕೆಲಸ ನಮ್ಮದು, ಅದನ್ನು ನಾವು ಬೇಕಾದಷ್ಟು ಮಾಡಿರಲಿಲ್ಲ. ಪುಟ ಖಾಲಿ ಬಿಟ್ಟಿದ್ದೆವು. ಖಾಲಿ ಬಿಟ್ಟ ಜಾಗದಲ್ಲಿ ಯಾರು ಏನನ್ನಾದರೂ ಬರೆಯಬಹುದು.

ಹೊರದೇಶಗಳ ಮುಂದೆ ಭಾರತದ ವಾದ ಏನು? 1991ರಲ್ಲಿ ದೆಹಲಿಯ ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಅದಕ್ಕೆ ಗಟ್ಟಿ ತಳಹದಿ ಹಾಕಿದರು. ಅಮೆರಿಕದ ಒಂದು ಸಂಸ್ಥೆ ದೇಶವಾರು ಲೆಕ್ಕ ಹಾಕಿ ಭಾರತವನ್ನೂ ದೊಡ್ಡ ಅಪರಾಧಿಗಳ ಸಾಲಿಗೆ ಸೇರಿಸಿತ್ತು. ಬಡವನ ಭತ್ತದ ಗದ್ದೆ, ಎಮ್ಮೆಯಿಂದ ಬರುವ, ಶಾಖ ತಡೆಯುವ ಮೀಥೇನ್ ಅನಿಲವನ್ನೂ ಸಾಹುಕಾರನ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಗೆ ಹಾಕುತ್ತೀರಾ, ಒಂದು ಬದುಕಿಗೆ, ಇನ್ನೊಂದು ಭೋಗಕ್ಕೆ ಎಂದು ಇವರು ಕೇಳಿದರು. ಇವತ್ತಿಗೂ ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಎರಡು ಟನ್ ಆಸುಪಾಸು ಇಂಗಾಲದ ಡೈಆಕ್ಸೈಡ್. ಅಮೆರಿಕದವನಿಗೆ ಹದಿನಾಲ್ಕರ ಹತ್ತಿರ. ಒಟ್ಟು ಲೆಕ್ಕದಲ್ಲಿ ನಾವು ಮೂರನೆಯವರು, ತಲಾ ಲೆಕ್ಕದಲ್ಲಿ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕೆಳಗೆ. ಯಾವ ಪಕ್ಷದ ಸರ್ಕಾರ ಬಂದರೂ ದೆಹಲಿ ಈ ವಾದ ಬಿಟ್ಟಿಲ್ಲ, ಬಿಡಲೂಬಾರದು. ಈ ಅನಿಲಗಳನ್ನು ಇಳಿಸಲು ದೇಶಗಳು ಮಾಡಿಕೊಂಡ 1997ರ ಕ್ಯೋಟೊ ಒಪ್ಪಂದವನ್ನು ಅಮೆರಿಕ ಅನುಮೋದಿಸಲೇ ಇಲ್ಲ. 2015ರ ಪ್ಯಾರಿಸ್ ಒಪ್ಪಂದದಿಂದ ಒಮ್ಮೆ ಹೊರಗೆ ಹೋಗಿ, 2021ರಲ್ಲಿ ಒಳಗೆ ಬಂದು, 2025ರಲ್ಲಿ ಮತ್ತೆ ಹೊರಡುವುದಾಗಿ ಹೇಳಿತು. ಸಾಲ ಮಾಡಿದವನು ಪಂಚಾಯ್ತಿ ಕಟ್ಟೆಯಿಂದ ಹೀಗೆ ಎದ್ದೆದ್ದು ಹೋಗುತ್ತಿದ್ದರೆ ನ್ಯಾಯ ಹೇಗೆ ತೀರುತ್ತದೆ?

ನಮ್ಮ ಸರ್ಕಾರ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. 2008ರಲ್ಲಿ ಎಂಟು ಅಭಿಯಾನಗಳ ರಾಷ್ಟ್ರೀಯ ಯೋಜನೆ ಬಂತು. 2021ರಲ್ಲಿ ಗ್ಲಾಸ್ಗೊದ ಹವಾಮಾನ ಸಮ್ಮೇಳನದಲ್ಲಿ ಪ್ರಧಾನಿಯವರು 2070ರ ಹೊತ್ತಿಗೆ ನಿವ್ವಳ ಶೂನ್ಯ, ಅಂದರೆ ಗಾಳಿಗೆ ಬಿಟ್ಟಷ್ಟನ್ನು ಹಿಂದಕ್ಕೆ ತೆಗೆಯುವುದು, ಎಂದು ಘೋಷಿಸಿದರು. 2030ಕ್ಕೆ ವಿದ್ಯುತ್ ಸಾಮರ್ಥ್ಯದ ಅರ್ಧ ಪಳೆಯುಳಿಕೆ ಇಂಧನ ಬಿಟ್ಟು ಬೇರೆ ಮೂಲದಿಂದ ಎಂದಿದ್ದ ಗುರಿ ಐದು ವರ್ಷ ಮೊದಲೇ, 2025ರಲ್ಲೇ ಮುಟ್ಟಿತು. ಹೆಮ್ಮೆಯ ವಿಷಯ. ಆದರೆ ಸಾಮರ್ಥ್ಯ ಎಂಬ ಪದ ಗಮನಿಸಿ. ಕೊಟ್ಟಿಗೆಯಲ್ಲಿ ಎಷ್ಟು ಹಸು ಕಟ್ಟಿದ್ದೀರಿ ಎನ್ನುವುದು ಒಂದು ಲೆಕ್ಕ, ಡೇರಿಗೆ ಎಷ್ಟು ಲೀಟರ್ ಹಾಲು ಹಾಕಿದಿರಿ ಎನ್ನುವುದು ಇನ್ನೊಂದು ಲೆಕ್ಕ. ಸೌರ ಫಲಕ ರಾತ್ರಿ ಹಾಲು ಕೊಡುವುದಿಲ್ಲ. ನಾವು ನಿಜವಾಗಿ ಬಳಸುವ ವಿದ್ಯುತ್ತಿನಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಇನ್ನೂ ಕಲ್ಲಿದ್ದಲಿನದೇ. ಎರಡು ಲೆಕ್ಕವೂ ಸುಳ್ಳಲ್ಲ. ಯಾವುದನ್ನು ಭಾಷಣದಲ್ಲಿ ಹೇಳುತ್ತೇವೆ ಅನ್ನುವುದು ರಾಜಕಾರಣ.

ನನಗೆ ನಿಜವಾಗಿ ನೋವು ಕೊಡುವ ವಿಷಯ ಇನ್ನೊಂದು. ಹೊರಗೆ ನಾವು ತಲಾ ಲೆಕ್ಕದ ನ್ಯಾಯ ಕೇಳುತ್ತೇವೆ. ಒಳಗೆ ಆ ನ್ಯಾಯ ಎಲ್ಲಿದೆ? ತೋಟದ ಲೈನ್ ಮನೆಯಲ್ಲಿ ಶೀಟಿನ ಕೆಳಗೆ ಮಲಗುವ ಕುಟುಂಬ ಗಾಳಿಗೆ ಬಿಟ್ಟ ಹೊಗೆ ಎಷ್ಟಿದ್ದೀತು? ಒಂದು ಬಲ್ಬು, ಒಂದು ಮೊಬೈಲು, ಒಲೆಯ ಸೌದೆ. ಮಳೆ ಹಿಡಿದು ಕೆಲಸ ನಿಂತರೆ ಮೊದಲು ಕೂಲಿ ಹೋಗುವುದು ಅವರದು. ಗುಡ್ಡ ಜರಿದರೆ ಮೊದಲು ಮುಚ್ಚುವುದು ಆ ಸಾಲು ಮನೆಗಳನ್ನು. ಬೆಳೆಗಾರರಿಗೆ ನಷ್ಟ ಪರಿಹಾರದ ಅರ್ಜಿ ನಮೂನೆಯಾದರೂ ಇದೆ. ಕಳೆದುಹೋದ ಕೂಲಿಯ ದಿನಕ್ಕೆ ಯಾವ ನಮೂನೆ ಇದೆ? ದೆಹಲಿ ಜಗತ್ತಿಗೆ ಹೇಳುವ ಮಾತನ್ನೇ ಮೂಡಿಗೆರೆ, ಸಕಲೇಶಪುರ ದೆಹಲಿಗೆ ಹೇಳಬೇಕು. ಬೆಳೆಗಾರರ ಮನೆಯ ಕೆಲವರು ಇಲ್ಲಿದ್ದೀರಿ, ಬೇಸರ ಮಾಡಿಕೊಳ್ಳಬೇಡಿ, ನಮ್ಮ ಅಂಗಳದಲ್ಲೂ ಅದೇ ಪ್ರಶ್ನೆ ಇದೆ.

ಘಟ್ಟದ ವರದಿಗಳ ಬಗ್ಗೆ ಮಾತಾಡದೆ ಹೋದರೆ ನೀವು ನನ್ನನ್ನು ಬಿಡುವುದಿಲ್ಲ. 2010ರಲ್ಲಿ ಕೇಂದ್ರ ಸರ್ಕಾರ ಪಶ್ಚಿಮ ಘಟ್ಟ ಉಳಿಸುವುದು ಹೇಗೆಂದು ಹೇಳಲು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು, 2011ರಲ್ಲಿ ವರದಿ ಬಂತು. ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಿ ಅಂತಲೇ ಆ ವರದಿ ಹೇಳುತ್ತಿತ್ತು. ಆದದ್ದು ಏನು? ಅದನ್ನು ತಿಂಗಳುಗಟ್ಟಲೆ ಮುಚ್ಚಿಟ್ಟರು. ಮಾಹಿತಿ ಹಕ್ಕಿನಲ್ಲಿ ಕೇಳಿ, ಮಾಹಿತಿ ಆಯೋಗ ಆದೇಶ ಮಾಡಿ, 2012ರಲ್ಲಿ ಹೊರಬಂತು. ಆಮೇಲೆ ಕಸ್ತೂರಿರಂಗನ್ ಸಮಿತಿ. 2013ರ ಅದರ ವರದಿ ಘಟ್ಟದ ಶೇಕಡ 37ರಷ್ಟನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದಿತು, ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. 2014ರಿಂದ ಕರಡು ಅಧಿಸೂಚನೆಗಳ ಮೇಲೆ ಕರಡು. ಆರನೆಯದು ಹೊರಬಿದ್ದದ್ದು ವಯನಾಡಿನ ಮರುದಿನ, 2024ರ ಜುಲೈ 31ಕ್ಕೆ. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಿತು. ಮೊದಲಿದ್ದ ಸರ್ಕಾರಗಳೂ ವಿರೋಧಿಸಿದ್ದವು, ಇದರಲ್ಲಿ ಪಕ್ಷಭೇದವಿಲ್ಲ.

ಆ ಕರಡಿನಲ್ಲಿ ಇರುವುದೇನು? ಗಣಿಗಾರಿಕೆ, ಕಲ್ಲುಕ್ವಾರಿ, ಮರಳು ತೆಗೆಯುವುದು ನಿಷೇಧ. ಹೊಸ ಶಾಖೋತ್ಪನ್ನ ಸ್ಥಾವರ ಬೇಡ. ಹೆಚ್ಚು ಮಾಲಿನ್ಯ ಮಾಡುವ, ಕೆಂಪು ಪಟ್ಟಿಯ ಕೈಗಾರಿಕೆ ಬೇಡ. 20,000 ಚದರ ಮೀಟರಿಗೆ ಮೀರಿದ ಕಟ್ಟಡ ಬೇಡ. ಕಾಫಿ ಬೆಳೆಯಬೇಡಿ, ಅಡಿಕೆ ಕೀಳಿ, ಊರು ಬಿಡಿ ಎಂಬ ಸಾಲು ಅದರಲ್ಲಿಲ್ಲ. ಆದರೆ ನಮ್ಮೂರಿನ ಪಂಚಾಯ್ತಿ ಸಭೆಗೆ ಬಂದ ಒಬ್ಬ ಅಧಿಕಾರಿ ಇಂಗ್ಲಿಷಿನಲ್ಲಿದ್ದ ಹಳ್ಳಿಗಳ ಪಟ್ಟಿ ಓದಿ, ಇಪ್ಪತ್ತು ನಿಮಿಷಕ್ಕೆ ಜೀಪು ಹತ್ತಿದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ನನ್ನ ತೋಳು ಹಿಡಿದು, ‘ಮಾಸ್ಟ್ರೇ, ನಮ್ಮೂರ್ ಹೆಸ್ರು ಓದುದ್ರಾ? ಹಂಗಾರೆ ಯಾವತ್ತು ಹೋಗ್ಬೇಕಂತೆ?’ ಎಂದರು. ಅವರ ಭಯವನ್ನು ಅಜ್ಞಾನ ಅನ್ನಲು ನನಗೆ ಬಾಯಿ ಬರುವುದಿಲ್ಲ. ಮಲೆನಾಡಿನವರಿಗೆ ಡೀಮ್ಡ್ ಅರಣ್ಯ, ಸೆಕ್ಷನ್ ನಾಲ್ಕರ ನೋಟಿಸು, ರಾಷ್ಟ್ರೀಯ ಉದ್ಯಾನ, ಸಾಗುವಳಿ ಚೀಟಿಯ ಅಲೆದಾಟ ಎಲ್ಲ ಅನುಭವ ಇದೆ. ನಕ್ಷೆಯ ಮೇಲೆ ಗೆರೆ ಎಳೆದವರು ಇವತ್ತಿನವರೆಗೆ ಒಳ್ಳೆಯ ಸುದ್ದಿ ತಂದದ್ದಿಲ್ಲ. ಜನರನ್ನು ಕೂರಿಸಿಕೊಂಡು ಗೆರೆ ಎಳೆಯಬೇಕು ಅಂದ ವರದಿ ಮೊದಲು ಮೂಲೆಗೆ ಬಿತ್ತು, ಉಪಗ್ರಹ ಚಿತ್ರ ನೋಡಿ ಗೆರೆ ಎಳೆದ ವರದಿ ಆಮೇಲೆ ಬಿತ್ತು. ಗುಡ್ಡ ಮಾತ್ರ ಯಾರನ್ನೂ ಕೇಳದೆ ಕುಸಿಯುತ್ತಿದೆ. ವರದಿ ತಿರಸ್ಕರಿಸಿದವರು, ಹಾಗಾದರೆ ಬೇರೆ ಏನು ಮಾಡುತ್ತೇವೆ ಎಂಬುದನ್ನು ಹೇಳಬೇಕಲ್ಲ? ಆ ಉತ್ತರಕ್ಕೆ ನಾನು ಕಾಯುತ್ತಲೇ ಇದ್ದೇನೆ.

ಇನ್ನು ಹಣದ ಮಾತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಕಡೂರು, ಅರಸೀಕೆರೆಯವರಿಗೆ ಬರ ಹೊಸದಲ್ಲ, ಆ ವರ್ಷ ಮಲೆನಾಡೂ ಪಟ್ಟಿಗೆ ಬಂತು. ರಾಜ್ಯ ಕೇಂದ್ರದಿಂದ 18,171 ಕೋಟಿ ಪರಿಹಾರ ಕೇಳಿತು. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಬಂದದ್ದು 3,454 ಕೋಟಿ. ಯಾರು ಸರಿ ಯಾರು ತಪ್ಪು ಎಂದು ಎರಡೂ ಪಕ್ಷದವರು ಚುನಾವಣೆಯಲ್ಲಿ ಕಿತ್ತಾಡಿದರು. ಬರ ಘೋಷಣೆಗೆ ಕೇಂದ್ರದ ಕೈಪಿಡಿ ಇದೆ, ವಿಪತ್ತು ಎಂದರೆ ಯಾವುದು ಎಂಬುದಕ್ಕೆ ಪಟ್ಟಿ ಇದೆ. ಭೂಕುಸಿತ ಪಟ್ಟಿಯಲ್ಲಿದೆ, ಆಲಿಕಲ್ಲು ಇದೆ, ಕೀಟದ ಹಾವಳಿ ಇದೆ. ಬಿಸಿಗಾಳಿಯನ್ನು ಸೇರಿಸಿ ಎಂದು ರಾಜ್ಯಗಳು ಕೇಳಿದಾಗ 15ನೇ ಹಣಕಾಸು ಆಯೋಗ ಒಪ್ಪಲಿಲ್ಲ. ಹವಾಮಾನ ಬದಲಾವಣೆ ರಾಷ್ಟ್ರ ರಾಜಕಾರಣದೊಳಗೆ ಬರುವ ಬಾಗಿಲು ಇದು. ಪಟ್ಟಿಯಲ್ಲಿ ಇದ್ದರೆ ಹಣ, ಇಲ್ಲದಿದ್ದರೆ ಇಲ್ಲ. ನಮ್ಮ ಸಂಸದರು ಇದನ್ನು ಎಷ್ಟು ಸಲ ಸದನದಲ್ಲಿ ಎತ್ತಿದರು ಎಂದು ಕೇಳುವ ಹಕ್ಕು ನಮಗಿದೆ. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹೆಬ್ಬಕ ಎಂಬ ಹಕ್ಕಿಗಳ ರಕ್ಷಣೆಯ ಮೊಕದ್ದಮೆಯಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ಮುಕ್ತವಾಗಿರುವುದೂ ಸಂವಿಧಾನದ 14 ಮತ್ತು 21ನೇ ವಿಧಿಯ ಹಕ್ಕು ಎಂದಿದೆ. ಆ ಹಕ್ಕನ್ನು ಕೇಳಲು ನಮ್ಮ ಕೈಯಲ್ಲಿ ಲೆಕ್ಕ ಇರಬೇಕು.

ಲೆಕ್ಕ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಣ್ಣನ ಅಡಿಕೆ ತೋಟ ಸಾಕು. ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟುತ್ತಾನೆ. ಅದರಲ್ಲಿ ಯಾರೂ ತೋಟಕ್ಕೆ ಬಂದು ಕೊಳೆ ರೋಗ ಬಂದಿದೆಯಾ ನೋಡುವುದಿಲ್ಲ. ಪಂಚಾಯ್ತಿಯ ಮಳೆಮಾಪಕ ಎಷ್ಟು ತೋರಿಸಿತು ಎನ್ನುವುದರ ಮೇಲೆ ದುಡ್ಡು. ಒಂದು ವರ್ಷ ಜುಲೈ ಪೂರ್ತಿ ಹೊಡೆಯಿತು, ಗೊನೆಯೆಲ್ಲ ಉದುರಿ ಅಡಿಕೆ ಬುಡದಲ್ಲಿ ಕೊಳೆಯಿತು. ವಿಮೆ ಬರಲಿಲ್ಲ. ಹೋಗಿ ನೋಡಿದರೆ ಮಾಪಕದ ಆಲಿಕೆಯಲ್ಲಿ ತರಗೆಲೆ ತುಂಬಿ ಕಪ್ಪಗೆ ಕೊಳೆತಿತ್ತು, ಪಕ್ಕದಲ್ಲಿ ಬೆಳೆದ ಗಿಡದ ಕೊಂಬೆ ಅದರ ಮೇಲೆ ಕೊಡೆಯ ಹಾಗೆ ಬಾಗಿತ್ತು. ಅಣ್ಣ ಈ ಪುಸ್ತಕ ತೆಗೆದುಕೊಂಡು ಕಚೇರಿಗೆ ಹೋದ. ‘ಇದೆಲ್ಲ ನಡೆಯಲ್ಲ, ಇದು ಪ್ರೈವೇಟ್ ಲೆಕ್ಕ’ ಎಂದರು. ಅಣ್ಣ ವಾಪಸ್ ಬಂದು, ಮರುದಿನ ಎಂಟಕ್ಕೆ ಮತ್ತೆ ಮಾಪಕದ ಹತ್ತಿರ ಹೋದ.

ನಮ್ಮ ರಾಜ್ಯದಲ್ಲಿ ಪಂಚಾಯ್ತಿಗೊಂದು ಮಾಪಕ ಇದೆ. ದೇಶದ ಬಹಳ ರಾಜ್ಯಗಳಲ್ಲಿ ಇಷ್ಟೂ ಇಲ್ಲ, ಇದು ದೊಡ್ಡ ಆಸ್ತಿ. ಅದರ ಮೇಲಿನ ಕೊಂಬೆ ಕಡಿದಿದ್ದಾರಾ ಎಂದು ಹೋಗಿ ನೋಡಿ. ಗ್ರಾಮಸಭೆಯಲ್ಲಿ ಅದರ ಲೆಕ್ಕ ಓದಿಸಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ನೂರು ವರ್ಷವಾಗಿದೆ, ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಹಳೆಯ ತೋಟಗಳ ಬೀರುಗಳಲ್ಲಿ ಇಂಥ ಪುಸ್ತಕ ಎಷ್ಟಿವೆಯೋ. ಅವನ್ನು ಒಂದು ಕಡೆ ಸೇರಿಸಿ, ಅಂಕಿಗಳನ್ನು ಕಂಪ್ಯೂಟರಿಗೆ ಹತ್ತಿಸಿ, ಸರ್ಕಾರದ ಲೆಕ್ಕದ ಪಕ್ಕ ಇಡುವ ಕೆಲಸಕ್ಕೆ ಈ ಊರಿನ ಕಾಲೇಜು ಹುಡುಗ ಹುಡುಗಿಯರು ಬರುವುದಾದರೆ ನಾನು ನಾಳೆಯಿಂದಲೇ ಕೂರುತ್ತೇನೆ. ಹೇಮಾವತಿ ನಮ್ಮ ತಾಲ್ಲೂಕಿನಲ್ಲಿ ಹುಟ್ಟಿ ನಿಮ್ಮ ಗೊರೂರಿಗೆ ಬರುತ್ತಾಳೆ, ಅವಳ ಮಳೆಯ ಲೆಕ್ಕ ಇಬ್ಬರಿಗೂ ಬೇಕು.

ಪುಸ್ತಕಗಳು ಸಂಜೆಯವರೆಗೆ ಈ ಮೇಜಿನ ಮೇಲೇ ಇರುತ್ತವೆ. ಬಂದು ನೋಡಿ, ಫೋಟೊ ಬೇಕಾದರೂ ತೆಗೆದುಕೊಳ್ಳಿ. ನಾಲ್ಕನೆಯದರಲ್ಲಿ 2019ರ ಆಗಸ್ಟಿನ ಹಾಳೆಗಳು ಆವತ್ತು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿವೆ. ಅವನ್ನು ಬಿಡಿಸುವಾಗ ಸ್ವಲ್ಪ ನಿಧಾನ.